ಮಕ್ಕಳು, ಮನೆ, ಆಫೀಸಿನ ನಡುವೆ ಅಮ್ಮನ ನೆನಪಿಗೆ ಎಲ್ಲಿ ಜಾಗ ಮಾಡಿಕೊಳ್ಳುತ್ತೀರಿ?

ಎರಡುಮಕ್ಕಳಮ್ಮ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ತಾಯಂದಿರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮಮ್ಮ ಹೋಗಿ ವರ್ಷ ಆಯಿತು. ವರ್ಷಾಬ್ದಿಕವೂ ಮುಗಿಯಿತು. ನೆಂಟರೆಲ್ಲ "ಇನ್ಮೇಲೆ ಸಮಾಧಾನ ಮಾಡ್ಕೊಳಮ್ಮ, ಮಕ್ಕಳ ಮುಖ ನೋಡು" ಅಂತ ಹೇಳಿ ಊರಿಗೆ ಹೊರಟರು. ಮಗಳು ಒಂದನೇ ಕ್ಲಾಸು. ಮಗನಿಗೆ ಇನ್ನೂ ಎರಡು ವರ್ಷ. ಬೆಳಗ್ಗೆ ಡಬ್ಬಿ, ಸ್ಕೂಲ್ ವ್ಯಾನು, ಆಫೀಸು, ಸಂಜೆ ಹೋಂವರ್ಕ್, ರಾತ್ರಿ ಪಾತ್ರೆ. ಅಳುವುದಕ್ಕೂ ಟೈಮಿಲ್ಲ, ಸುಮ್ನೆ ಕೂರುವುದಕ್ಕೂ ಟೈಮಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಧ್ಯಾನ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಗ ರಾತ್ರಿಯೆಲ್ಲ ಎದ್ದೆದ್ದು ಅಳುವ ಮನೆಯಲ್ಲಿ ಅದು ಆಗುವ ಮಾತಲ್ಲ.

ನನ್ನ ಪ್ರಶ್ನೆ ಎರಡು. ಇಷ್ಟರ ನಡುವೆ ನಿಮಗೆ ನೆಮ್ಮದಿ ಎಲ್ಲಿ ಸಿಗುತ್ತದೆ? ಎರಡನೆಯದು ಇನ್ನೂ ಮುಖ್ಯ. ನನ್ನ ಮಗನಿಗೆ ಅಜ್ಜಿಯ ನೆನಪು ಒಂಚೂರೂ ಉಳಿಯುವುದಿಲ್ಲ. ಮಗಳು "ಅಜ್ಜಿ ಹೇಗೆ ಮಾತಾಡ್ತಿದ್ರು ಹೇಳು" ಅಂದರೆ ನನಗೆ ಗಂಟಲು ಕಟ್ಟುತ್ತದೆ, ಮಾತು ಬೇರೆ ಕಡೆ ತಿರುಗಿಸುತ್ತೇನೆ. ಮಕ್ಕಳ ಮನಸ್ಸಿನಲ್ಲಿ ಅವರನ್ನು ಉಳಿಸುವುದು ಹೇಗೆ?

ಹೆಪ್ಪಿನಮನೆ (ಮದ್ದೂರು)

ಅಕ್ಕ, ನಾನು ಒಂದೇ ಒಂದು ಮಾಡುತ್ತೇನೆ. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಅಮ್ಮನನ್ನು ನೆನೆಯುತ್ತೇನೆ. ಆ ಹೆಪ್ಪು ಬಂದಿದ್ದೇ ಅಮ್ಮನ ಮನೆಯಿಂದ. ಮದುವೆಯಾದ ಹೊಸದರಲ್ಲಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ ಬಟ್ಟೆ ಬಿಗಿದು ಕೊಟ್ಟಿದ್ದರು. ಅಮ್ಮ ಈಗಿಲ್ಲ, ಮೊಸರು ಇದೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಒಂದು ಲೋಟ ಕೊಟ್ಟು ಹೋಗುತ್ತೇನೆ, ಬಂದ ಮೇಲೆ ಅವರಿಂದ ಇಸ್ಕೊಳ್ಳುತ್ತೇನೆ. ನನ್ನ ಮಗ ಅದನ್ನು "ಅಜ್ಜಿ ಮೊಸರು" ಅಂತಲೇ ಕರೆಯುತ್ತಾನೆ. ಅವನು ಹುಟ್ಟುವ ಮೊದಲೇ ಅಜ್ಜಿ ಹೋಗಿದ್ದರು.

ಲ್ಯಾಬ್‌ಕೋಟು (ಮೈಸೂರು)

ತುಂಬ ಚೆನ್ನಾಗಿದೆ ಮೇಡಂ. ಒಂದು ವಿಷಯ ಮಾತ್ರ. ಮೊಸರಿನ ಬ್ಯಾಕ್ಟೀರಿಯಾ ದಿನಾ ಹೊಸ ಹಾಲಿನಲ್ಲಿ ಬೆಳೆಯುತ್ತವೆ. ಜೊತೆಗೆ ಹಾಲಿನಿಂದ, ಪಾತ್ರೆಯಿಂದ ಬೇರೆ ಸೂಕ್ಷ್ಮಜೀವಿಗಳೂ ಸೇರುತ್ತಾ ಇರುತ್ತವೆ. ವರ್ಷಗಳ ನಂತರ ಅದು ಪೂರ್ತಿ ಅದೇ ಹೆಪ್ಪು ಅಂತ ಹೇಳುವುದು ಕಷ್ಟ.

ಹೆಪ್ಪಿನಮನೆ (ಮದ್ದೂರು)

ಸೇರಲಿ ಬಿಡಿ ಸರ್. ಮನೆಗೆ ಸೊಸೆ ಬಂದಳು ಅಂತ ಮನೆತನ ಬದಲಾಗುತ್ತಾ?

ಲ್ಯಾಬ್‌ಕೋಟು (ಮೈಸೂರು)

ಒಪ್ಪಿದೆ. ಹಾಲು ಉಗುರು ಬೆಚ್ಚಗಿರಲಿ. ಬಿಸಿ ಜಾಸ್ತಿ ಆದರೆ ಹೆಪ್ಪು ಸಾಯುತ್ತದೆ.

ಒಂಟಿಕೊಪ್ಪಲಜ್ಜಿ (ಮೈಸೂರು)

ಮಗು, ನಾನು ಮೂರು ಮಕ್ಕಳನ್ನು ಸಾಕಿದವಳು. ಈಗ ಮೂವರೂ ದೂರದಲ್ಲಿದ್ದಾರೆ. ನಿನ್ನ ವಯಸ್ಸಿನಲ್ಲಿ ನನಗೂ ಇದೇ ಆಗಿತ್ತು. ಎರಡನೇ ಬಾಣಂತನ ಮುಗಿಯುವಷ್ಟರಲ್ಲಿ ನಮ್ಮಮ್ಮ ಹೋದರು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುವುದಕ್ಕೂ ಪಕ್ಕದ ಮನೆಯ ದೊಡ್ಡಮ್ಮ ಬರಬೇಕಾಯಿತು.

ಆಗ ನನ್ನನ್ನು ಕಾಪಾಡಿದ್ದು ಅವರೆಕಾಯಿ ಕಾಲ. ಕೇಳುವುದಕ್ಕೆ ಚಿಕ್ಕ ವಿಷಯ, ಆದರೂ ಪೂರ್ತಿ ಓದು. ಹಿತಕಬೇಳೆ ಮಾಡುವುದಕ್ಕೆ ಕಾಳನ್ನು ನೀರಿನಲ್ಲಿ ನೆನೆ ಹಾಕಿರುತ್ತೀವಲ್ಲ, ಅದನ್ನು ಹಿತುಕುವಾಗ ಬೇರೆ ಏನೂ ಮಾಡಲಾಗದು. ಕೈ ಒದ್ದೆ, ಫೋನ್ ಮುಟ್ಟುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ಕಾಳನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು ಒಂದು ತುದಿ ಅಮುಕಿದರೆ ಬೇಳೆ ಪುಸಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕೈ ತಾನೇ ಕೆಲಸ ಮಾಡುತ್ತದೆ, ಮನಸ್ಸು ಬಿಡುವಾಗುತ್ತದೆ. ನಾನು ಹಾಗೆ ಕೂತಾಗ ಅಮ್ಮನ ಜೊತೆ ಮಾತಾಡುತ್ತಿದ್ದೆ, ಮನಸ್ಸಿನಲ್ಲೇ. ಮಕ್ಕಳು ಸುತ್ತ ಕೂತು ಒಂದೊಂದು ಕಾಳು ಹಿತುಕಿ ಅರ್ಧ ಸೋಫಾ ಕೆಳಗೆ ಹಾರಿಸುತ್ತಿದ್ದರು. "ನಮ್ಮಮ್ಮ ಎರಡೂ ಕೈಲಿ ಹಿತುಕೋರು ಗೊತ್ತಾ" ಅಂತ ಶುರು ಮಾಡಿದರೆ ಒಂದಕ್ಕೊಂದು ಕಥೆ ಬರುತ್ತಿತ್ತು. ಎದುರು ಬದುರು ಕೂತು "ಅಜ್ಜಿ ಬಗ್ಗೆ ಹೇಳ್ತೀನಿ ಬಾ" ಅಂದರೆ ಗಂಟಲು ಕಟ್ಟುತ್ತದೆ. ಕಣ್ಣು ಕಾಳಿನ ಮೇಲಿದ್ದರೆ ಮಾತು ಸಲೀಸಾಗಿ ಬರುತ್ತದೆ.

ನೇರಮಾತು (ವಿಜಯನಗರ, ಮೈಸೂರು)

ಅಜ್ಜಿ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಹೆಂಗಸರಿಗೆ ನೆಮ್ಮದಿ ಬೇಕು ಅಂದ ತಕ್ಷಣ ಎಲ್ಲರೂ ಅಡುಗೆಮನೆ ಕಡೆ ಕೈ ತೋರಿಸುವುದು ಯಾಕೆ? ಇವರು ಹೇಳುತ್ತಿರುವುದು ಟೈಮಿಲ್ಲ ಅಂತ. ಅದಕ್ಕೆ ಇನ್ನೂ ಎರಡು ಗಂಟೆ ಕಾಳು ಹಿತುಕು ಅಂದರೆ ಹೇಗೆ? ರಾತ್ರಿ ಪಾತ್ರೆ ಯಾರು ತೊಳೆಯುತ್ತಾರೆ, ಮಗ ಅತ್ತರೆ ಯಾರು ಏಳುತ್ತಾರೆ? ಮೊದಲು ಆ ಲೆಕ್ಕ ಆಗಲಿ. ಮನೆಯಲ್ಲಿ ಗಂಡ ಇದ್ದರೆ ಅರ್ಧ ಕೆಲಸ ಅವರದ್ದು. ನೆನಪು, ನೆಮ್ಮದಿ ಎಲ್ಲ ಆಮೇಲಿನ ಮಾತು.

ಸಂಜೆಕಾಫಿ (ಮಂಡ್ಯ)

ನೇರಮಾತು ಹೇಳಿದ್ದು ನೂರಕ್ಕೆ ನೂರು ಸರಿ.

ಒಂಟಿಕೊಪ್ಪಲಜ್ಜಿ (ಮೈಸೂರು)

ಗಂಡನೂ ಕೂತು ಹಿತುಕಲಿ ಕಣಮ್ಮ. ನಮ್ಮ ಯಜಮಾನರು ಪೇಪರ್ ಹಾಸಿಕೊಂಡು ಕೂರುತ್ತಿದ್ದರು. ಒಬ್ಬಳೇ ಮಾಡು ಅಂತ ನಾನೆಲ್ಲಿ ಹೇಳಿದೆ?

ಸೊಗಡುಪ್ರಿಯ (ಶ್ರೀರಂಗಪಟ್ಟಣ)

ಹಿತಕಬೇಳೆ ಮಾತು ಬಂತು ಅಂತ ಕೇಳುತ್ತೇನೆ, ಈಗ ಪೇಟೆಯಲ್ಲಿ ವರ್ಷ ಪೂರ್ತಿ ಹಿತಕಿದ ಬೇಳೆ ಪ್ಯಾಕೆಟ್ ಸಿಗುತ್ತಲ್ಲ, ಅದಕ್ಕೆ ಸೊಗಡು ಇರುತ್ತಾ?

ಸಂಜೆಕಾಫಿ (ಮಂಡ್ಯ)

ಇರಲ್ಲ. ಡಿಸೆಂಬರ್, ಜನವರಿ ಚಳಿಗೆ ಬರುವ ಅವರೆಗೇ ಸೊಗಡು. ಇಬ್ಬನಿ ಬೀಳಬೇಕು.

ಸೊಗಡುಪ್ರಿಯ (ಶ್ರೀರಂಗಪಟ್ಟಣ)

ಹಾಗಾದರೆ ಅಲ್ಲೀವರೆಗೂ ಬಸ್ಸಾರೇ ಗತಿ. ಬಸ್ಸಾರಿಗೆ ಸೊಪ್ಪು ಬಿಡಿಸುವುದೂ ಅದೇ ಥರದ ಕೆಲಸ ಅಲ್ವಾ? ನಮ್ಮಮ್ಮ ದಂಟು ಸೊಪ್ಪು ಬಿಡಿಸುತ್ತಾ ಇಡೀ ಬೀದಿಯ ಸುದ್ದಿ ಹೇಳುತ್ತಿದ್ದರು.

ಸಕ್ಕರೆನಾಡಿನಮಗ (ಮಂಡ್ಯ)

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಅಕ್ಕ, ನಿಮ್ಮ ಎರಡನೇ ಪ್ರಶ್ನೆಗೆ ನಮ್ಮ ಕಡೆ ಹಳೇ ಉತ್ತರ ಇದೆ. ಪಿತೃಪಕ್ಷದಲ್ಲಿ ಎಡೆ ಇಡುವುದು. ಮೈಸೂರಿನಲ್ಲೂ ಬಹಳ ಮನೆಗಳಲ್ಲಿ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಹೇಗೆ ಅಂದರೆ, ಅವ್ವನ ಫೋಟೋ ಮುಂದೆ ಹೊಸ ಸೀರೆ, ಬಳೆ, ಬಾಳೆ ಎಲೆ ಮೇಲೆ ಅವ್ವನಿಗೆ ಇಷ್ಟವಾದದ್ದೆಲ್ಲ. ಒಬ್ಬಟ್ಟು, ಕಜ್ಜಾಯ, ಮುದ್ದೆ, ಬಾಡಿನ ಸಾರು. ಪಕ್ಕದಲ್ಲಿ ಎಲೆ ಅಡಿಕೆ, ಕಡ್ಡಿಪುಡಿ. ಅವ್ವನಿಗೆ ಊಟ ಆದಮೇಲೆ ಅದು ಬೇಕೇ ಬೇಕಿತ್ತು. ಧೂಪ ಹಾಕಿ, ಕೈ ಮುಗಿದು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದು ಜಗಲಿ ಮೇಲೆ ಕಾಯುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಆ ಹೊತ್ತಿನಲ್ಲಿ ಮಕ್ಕಳು ಸುಮ್ಮನಿರುತ್ತಾರಾ? "ಅಜ್ಜಿ ಈಗ ಏನ್ ತಿಂತಾವ್ರೆ? ಮೊದಲು ಒಬ್ಬಟ್ಟಾ, ಬಾಡಾ?" ಅಂತ ಶುರು. ನಮ್ಮಣ್ಣ ಒಂದು ಹೇಳಿದರೆ ಅಕ್ಕ ಇನ್ನೊಂದು ಹೇಳುತ್ತಾಳೆ. "ನಿಮ್ಮಜ್ಜಿ ಮೊದಲು ಸಾರಿಗೆ ಉಪ್ಪು ಕಮ್ಮಿ ಅಂತ ಬೈತಾವ್ರೆ" ಅಂತ ನಮ್ಮ ಅತ್ತಿಗೆ ಹೇಳಿದಾಗ ಎಲ್ಲರೂ ನಕ್ಕೆವು. ಅವ್ವ ಹೋದ ಮೇಲೆ ಅವ್ವನ ಮಾತಿಗೆ ನಾವೆಲ್ಲ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ನನ್ನ ಮಗಳು ಅವ್ವನನ್ನು ನೋಡಿಲ್ಲ. ಆದರೂ ಅಜ್ಜಿ ಕಡ್ಡಿಪುಡಿ ಹಾಕುತ್ತಿದ್ದರು, ಉಪ್ಪು ಜಾಸ್ತಿ ತಿನ್ನುತ್ತಿದ್ದರು, ಗದ್ದೆ ಬದುವಿನ ಮೇಲೆ ಯಾರಿಗೂ ಸಿಗದ ಹಾಗೆ ಬೀಸುನಡಿಗೆ ಹಾಕುತ್ತಿದ್ದರು ಅಂತ ಅವಳಿಗೆ ಗೊತ್ತು.

ಎರಡುಮಕ್ಕಳಮ್ಮ (ಕುವೆಂಪುನಗರ, ಮೈಸೂರು)

ಅಣ್ಣ, ಖಂಡಿತ ಬರೆಯಬಹುದು. ಓದುತ್ತಾ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ನಮ್ಮ ಮನೆಯಲ್ಲಿ ಎಡೆ ಪದ್ಧತಿ ಇಲ್ಲ, ತಿಥಿ ಮಾಡುತ್ತೇವೆ. ಅದು ಪುರೋಹಿತರು, ಮಂತ್ರ, ದರ್ಭೆ ಅಂತ ಗಂಭೀರವಾಗಿ ನಡೆಯುತ್ತದೆ. ಮಕ್ಕಳನ್ನು ಒಳಗೆ ಬಿಡುವುದಿಲ್ಲ.

ಸಕ್ಕರೆನಾಡಿನಮಗ (ಮಂಡ್ಯ)

ತಿಥಿ ದಿನ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಅಮ್ಮನಿಗೆ ಇಷ್ಟವಾದ ತಿಂಡಿ ಮಾಡಿ ಅಕ್ಕ. ಅದಕ್ಕೆ ಯಾರನ್ನು ಕೇಳಬೇಕು?

ರಾತ್ರಿಪಾಳಿ (ಮೈಸೂರು)

ನಾನು ನರ್ಸ್. ಎರಡುಮಕ್ಕಳಮ್ಮ, ಒಂದು ಮಾತು ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಮಗ ಮಲಗಿರುವಾಗಲೂ ನಿಮಗೆ ನಿದ್ದೆ ಬರುವುದಿಲ್ಲವಾ? ಊಟ ಸೇರುತ್ತಿದೆಯಾ? ಮಕ್ಕಳನ್ನು ಎತ್ತಿಕೊಂಡರೂ ಏನೂ ಅನ್ನಿಸದ ಹಾಗಿದೆಯಾ? ಹೀಗೆಲ್ಲ ದಿನಾ ಆಗುತ್ತಿದ್ದರೆ ಅದು ಕಾಳು ಹಿತುಕಿ, ವಾಕಿಂಗ್ ಮಾಡಿ ಹೋಗುವುದಿಲ್ಲ, ಡಾಕ್ಟರ್ ಹತ್ತಿರ ಮಾತಾಡಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.

ಹೆರಿಗೆ ವಾರ್ಡಿನಲ್ಲಿ ನಾನು ನೋಡಿದ್ದೇನೆ. ತಾಯಿ ಇಲ್ಲದ ಬಾಣಂತಿಯರು "ನಾನು ಚೆನ್ನಾಗಿದ್ದೀನಿ ಸಿಸ್ಟರ್" ಅಂತ ಎಲ್ಲರಿಗಿಂತ ಮೊದಲು ಹೇಳುತ್ತಾರೆ. ಅವರ ಹತ್ತಿರ ಇನ್ನೂ ಐದು ನಿಮಿಷ ನಿಲ್ಲಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಎರಡುಮಕ್ಕಳಮ್ಮ (ಕುವೆಂಪುನಗರ, ಮೈಸೂರು)

ಬೇಜಾರಿಲ್ಲ ಸಿಸ್ಟರ್, ಕೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಊಟ ನಿದ್ದೆ ಪರವಾಗಿಲ್ಲ. ಮಕ್ಕಳ ಜೊತೆ ಖುಷಿಯೂ ಇದೆ. ಖುಷಿಯಾದಾಗಲೇ ಅಮ್ಮ ಜಾಸ್ತಿ ನೆನಪಾಗುತ್ತಾರೆ, ಅದೇ ಕಷ್ಟ. ಮಗ ಮೊದಲ ಸಲ "ಬಸ್ಸು" ಅಂದಾಗ ಫೋನ್ ಎತ್ತಿಕೊಂಡು ಅಮ್ಮನ ನಂಬರ್ ಹುಡುಕಿದ್ದೆ. ನೀವು ಕೊಟ್ಟ ಸಹಾಯವಾಣಿ ನಂಬರ್ ಮಾತ್ರ ಬರೆದಿಟ್ಟುಕೊಂಡಿದ್ದೇನೆ.

ನೇರಮಾತು ಅವರೇ, ನಮ್ಮನೆಯವರು ಬೆಳಗ್ಗೆ ಡಬ್ಬಿ ಕಟ್ಟುತ್ತಾರೆ, ಮಗಳನ್ನು ವ್ಯಾನಿಗೆ ಹತ್ತಿಸುತ್ತಾರೆ. ಸಂಜೆ ಅವರು ಬರುವುದು ಲೇಟು. ಹಾಗಾಗಿ ಸಂಜೆಯೆಲ್ಲ ನನ್ನ ಮೇಲೆ.

ನೇರಮಾತು (ವಿಜಯನಗರ, ಮೈಸೂರು)

ಹಾಗಾದರೆ ಭಾನುವಾರ ಬೆಳಗ್ಗೆ ಪೂರ್ತಿ ಅವರಿಗೆ ಬಿಡಿ. ನೀವು ಮನೆಯಿಂದ ಹೊರಗೆ ಹೋಗಿ. ಅಂಗಡಿಗೆ, ಸಾಮಾನಿಗೆ ಅಂತ ಹೋಗಬೇಡಿ. ನಿಮಗೋಸ್ಕರ ಹೋಗಿ.

ಕೆರೆದಂಡೆ (ಸರಸ್ವತಿಪುರಂ, ಮೈಸೂರು)

ಕುಕ್ಕರಹಳ್ಳಿ ಕೆರೆಗೆ ಬನ್ನಿ! ನಿಮ್ಮ ಮನೆಯಿಂದ ಹತ್ತಿರ. ನಾನು ಮಗಳು ಹುಟ್ಟಿದ ಮೇಲೆ ಶುರು ಮಾಡಿದ್ದು, ಇವತ್ತಿಗೂ ಬಿಟ್ಟಿಲ್ಲ. ಬೆಳಗ್ಗೆ ಏರಿ ಮೇಲೆ ನಡೆಯುವಾಗ ಫೋನನ್ನು ಬ್ಯಾಗಿನಿಂದ ತೆಗೆಯುವುದೇ ಇಲ್ಲ. ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ನೀರಿನ ಮೇಲೆ ಇಳಿಯುವುದನ್ನು ನೋಡಬೇಕು ನೀವು. ಅಷ್ಟು ದೊಡ್ಡ ಹಕ್ಕಿ, ಎರಡೂ ಕಾಲು ಮುಂದೆ ಚಾಚಿ ನೀರನ್ನು ಸೀಳಿಕೊಂಡು ಬಂದು ನಿಲ್ಲುತ್ತದೆ. ಒಂದು ಸುತ್ತು ಮುಗಿಸುವಷ್ಟರಲ್ಲಿ ಮನಸ್ಸು ತಿಳಿಯಾಗಿರುತ್ತದೆ. ನಾಲ್ವಡಿಯವರು ಕಟ್ಟಿಸಿದ ಕೆರೆ ನಮ್ಮ ಪಾಲಿಗೆ ದೊಡ್ಡ ಪುಣ್ಯ.

ನಂಜನಗೂಡುಟೀಚರ್

ಕುಕ್ಕರಹಳ್ಳಿ ಕೆರೆ ನಾಲ್ವಡಿಯವರಿಗಿಂತ ಹಿಂದಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864. ನಾಲ್ವಡಿಯವರು ಹುಟ್ಟಿದ್ದು 1884ರಲ್ಲಿ.

ಕೆರೆದಂಡೆ (ಸರಸ್ವತಿಪುರಂ, ಮೈಸೂರು)

ಮುಮ್ಮಡಿಯವರಿಗೂ ಒಂದು ನಮಸ್ಕಾರ ಟೀಚರ್.

ನಂಜನಗೂಡುಟೀಚರ್

ನಾಲ್ವಡಿಯವರ ಮಾತು ಬಂದಿದ್ದಕ್ಕೆ ಅವರ ತಾಯಿಯ ಬಗ್ಗೆ ಒಂದು ಹೇಳುತ್ತೇನೆ, ಎರಡುಮಕ್ಕಳಮ್ಮನ ಪ್ರಶ್ನೆಗೂ ಸೇರುತ್ತದೆ. ವಾಣಿವಿಲಾಸ ಸನ್ನಿಧಾನ ಅಂದರೆ ಕೆಂಪನಂಜಮ್ಮಣ್ಣಿಯವರು. 1894ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಪತಿ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಮಕ್ಕಳನ್ನೂ ನೋಡಿಕೊಂಡು 1902ರವರೆಗೆ ರೀಜೆಂಟ್ ಆಗಿ ರಾಜ್ಯವನ್ನೂ ನೋಡಿಕೊಂಡರು. ಅರಮನೆಯಲ್ಲಿ ಆಳುಕಾಳು ಇದ್ದರು, ನಮಗೂ ಅವರಿಗೂ ಹೋಲಿಕೆ ಬೇಡ. ಆದರೆ ಕ್ಲಾಸಿನಲ್ಲಿ ಈ ಪಾಠ ಮಾಡುವಾಗಲೆಲ್ಲ ನನಗೆ ಅನ್ನಿಸುವುದು, ಅವರಿಗೆ ಅಳುವುದಕ್ಕೆ ಯಾವಾಗ ಬಿಡುವು ಸಿಕ್ಕಿರಬಹುದು ಅಂತ. ಪುಸ್ತಕದಲ್ಲಿ ಕಟ್ಟೆ, ಕಾಲುವೆ, ವಿದ್ಯುತ್ ಎಲ್ಲ ಇದೆ, ಇದೊಂದು ಇಲ್ಲ.

ಇನ್ನು ಮಕ್ಕಳಲ್ಲಿ ನೆನಪು ಉಳಿಸುವ ವಿಷಯ. ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆ ಜೋಡಿ ಅಮ್ಮ ಮದುವೆಯಲ್ಲಿ ಕೊಟ್ಟಿದ್ದು, ಅಮ್ಮನಿಗೆ ಅವರಮ್ಮ ಕೊಟ್ಟಿದ್ದು. ಮರದ ಬಣ್ಣ ಅಲ್ಲಲ್ಲಿ ಹೋಗಿದೆ, ರಾಣಿ ಗೊಂಬೆಯ ಮೂಗು ಸವೆದಿದೆ. ಪ್ರತಿ ವರ್ಷ ಪೆಟ್ಟಿಗೆಯಿಂದ ತೆಗೆದು ಹತ್ತಿಯಲ್ಲಿ ಒರೆಸಿ, ಹೊಸ ಜರಿ ಬಟ್ಟೆ ಉಡಿಸುವುದು ಮಕ್ಕಳ ಕೆಲಸ. ಅಮ್ಮನ ಹಳೇ ರೇಷ್ಮೆ ಸೀರೆಯ ಅಂಚನ್ನು ಕತ್ತರಿಸಿ ಇಟ್ಟಿದ್ದೇನೆ, ಗೊಂಬೆಗೆ ಅದೇ ಸೀರೆ. "ಇದು ಅಜ್ಜಿ ಯಾವಾಗ ಉಟ್ಕೊಂಡಿದ್ರು?" ಅಂತ ಅವರಾಗಿಯೇ ಕೇಳುತ್ತಾರೆ. ನಾನು ಪಾಠ ಮಾಡಬೇಕಾಗಿಲ್ಲ.

ನೇರಮಾತು (ವಿಜಯನಗರ, ಮೈಸೂರು)

ಟೀಚರ್, ಗೊಂಬೆ ಕೂರಿಸುವುದು ಅಂದರೆ ಮೆಟ್ಟಿಲು ಕಟ್ಟಬೇಕು, ದಿನಾ ಆರತಿ, ಬಂದ ಮಕ್ಕಳಿಗೆ ಬೊಂಬೆ ಬಾಗಿನ. ಎರಡು ವರ್ಷದ ಹುಡುಗ ಇರುವ ಮನೆಯಲ್ಲಿ ಸಾಧ್ಯನಾ? ನೆನಪಿನ ಹೆಸರಿನಲ್ಲಿ ಹಬ್ಬದ ಕೆಲಸ ಎಲ್ಲ ತಾಯಿಯ ಹೆಗಲಿಗೇ ಬರುತ್ತದೆ. ನಾನು ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ನಮ್ಮಮ್ಮ ಹಬ್ಬದ ದಿನ ಕೂತು ಊಟ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಎಲ್ಲರದ್ದೂ ಆದ ಮೇಲೆ ಒಲೆ ಪಕ್ಕದಲ್ಲೇ ತಟ್ಟೆ ಇಟ್ಟುಕೊಳ್ಳುತ್ತಿದ್ದರು. ನನಗೆ ಅಮ್ಮ ಅಂದರೆ ಆ ತಟ್ಟೆಯೇ ನೆನಪಾಗುತ್ತದೆ. ಅದಕ್ಕೇ ನಾನು ಅಮ್ಮನ ಹುಟ್ಟುಹಬ್ಬದ ದಿನ ಒಲೆ ಹಚ್ಚುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಟೆಲಿಗೆ ಹೋಗಿ, ಮಸಾಲೆ ದೋಸೆ ತರಿಸಿ, ಬಿಸಿ ಇರುವಾಗಲೇ ತಿನ್ನುತ್ತೇನೆ. ಮಕ್ಕಳಿಗೆ ಹೇಳುತ್ತೇನೆ, ಇವತ್ತು ಅಜ್ಜಿಗೋಸ್ಕರ ಕೂತು ತಿನ್ನುವ ದಿನ ಅಂತ.

ಒಂಟಿಕೊಪ್ಪಲಜ್ಜಿ (ಮೈಸೂರು)

ನಿನ್ನ ಮಾತು ನನಗೆ ನಾಟಿತು ಮಗು. ಒಳ್ಳೇ ಕೆಲಸ ಮಾಡುತ್ತಿದ್ದೀಯ.

ನಂಜನಗೂಡುಟೀಚರ್

ನೇರಮಾತು, ಎಲ್ಲ ಗೊಂಬೆ ಬೇಡ. ಪಟ್ಟದ ಜೋಡಿ ಒಂದನ್ನೇ ಮೇಜಿನ ಮೇಲಿಟ್ಟರೂ ಆಯಿತು. ನನ್ನ ತಂಗಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ಅಷ್ಟೇ ಮಾಡುವುದು.

ತವರಿನದಾರಿ (ಪಾಂಡವಪುರ)

ನನಗೆ ಅತ್ಯಂತ ಕಷ್ಟದ ದಿನ ಗೌರಿ ಹಬ್ಬ. ಅಮ್ಮ ಇರುವವರೆಗೂ ಮೊರದ ಬಾಗಿನ ತಪ್ಪದೆ ಬರುತ್ತಿತ್ತು. ಬಳೆ, ಬಿಚ್ಚೋಲೆ, ಕನ್ನಡಿ, ಅಕ್ಕಿ, ಬೇಳೆ, ಕಾಯಿ, ರವಿಕೆ ಕಣ, ಎಲ್ಲದರ ಮೂಲೆಯಲ್ಲಿ ನನಗೆ ಇಷ್ಟ ಅಂತ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ. ಅಮ್ಮ ಹೋದ ವರ್ಷ ತಮ್ಮ ದುಡ್ಡು ಕಳಿಸಿದ. ಅವನ ಮನಸ್ಸು ಒಳ್ಳೆಯದೇ, ಪಾಪ. ನಾನು ಫೋನ್ ಮಾಡಿ ಹೇಳಿದೆ, "ದುಡ್ಡು ಬೇಡ ಕಣೋ, ಖಾಲಿ ಮೊರ ಆದ್ರೂ ಪರವಾಗಿಲ್ಲ, ನೀನೇ ತಗೊಂಡು ಬಾ" ಅಂತ. ಅದರ ಮರುವರ್ಷದಿಂದ ಅವನೇ ಬರುತ್ತಾನೆ. ಮಿಠಾಯಿ ಪೊಟ್ಟಣ ಮರೆಯುವುದಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಕಟ್ಟುವಾಗ ಅವನೂ ನೋಡಿದ್ದ.

ಅಕ್ಕ, ನಿಮಗೆ ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಅವರನ್ನು ಕೇಳಿ. ನಿಮ್ಮ ಹತ್ತಿರ ಇಲ್ಲದ ಅಮ್ಮ ಅವರ ಹತ್ತಿರ ಇರುತ್ತಾರೆ.

ಎರಡುಮಕ್ಕಳಮ್ಮ (ಕುವೆಂಪುನಗರ, ಮೈಸೂರು)

ಅಣ್ಣ ಇದ್ದಾನೆ. ಅಮ್ಮನ ವಿಷಯ ಬಂದರೆ ಅವನೂ ಮಾತು ತಿರುಗಿಸುತ್ತಾನೆ, ನನ್ನ ಥರಾನೇ. ಇವತ್ತು ಫೋನ್ ಮಾಡುತ್ತೇನೆ.

ಶಕ್ತಿಟಿಕೆಟ್ (ಮಂಡ್ಯ)

ನಾನು ಮನೆಯಲ್ಲಿ ಇದ್ದರೆ ನೆಮ್ಮದಿ ಸಿಗದ ಜಾತಿ. 2023ರ ಜೂನ್‌ನಲ್ಲಿ ಬಸ್ ಫ್ರೀ ಆದಮೇಲೆ ಒಬ್ಬಳೇ ಮೇಲುಕೋಟೆಗೆ ಹೋಗುವುದು ಅಭ್ಯಾಸ ಮಾಡಿಕೊಂಡಿದ್ದೇನೆ. ಅಮ್ಮ ಸಾಯುವವರೆಗೂ "ಚೆಲುವನಾರಾಯಣನ ನೋಡ್ಬೇಕು" ಅನ್ನುತ್ತಿದ್ದರು, ಯಾರಾದರೂ ಕರೆದುಕೊಂಡು ಹೋಗಬೇಕು, ಬಸ್ ಚಾರ್ಜು ಯಾರನ್ನೋ ಕೇಳಬೇಕು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ನಾನು ಯಾರನ್ನೂ ಕೇಳುವುದಿಲ್ಲ. ಆಧಾರ್ ಕಾರ್ಡು ತೋರಿಸಿ, ಸೊನ್ನೆ ಟಿಕೆಟ್ ಇಸ್ಕೊಂಡು, ಕಿಟಕಿ ಪಕ್ಕ ಕೂರುತ್ತೇನೆ. ಕಲ್ಯಾಣಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಪುಳಿಯೋಗರೆ ತಿಂದು, ಸಂಜೆ ಮಕ್ಕಳು ಸ್ಕೂಲಿಂದ ಬರುವಷ್ಟರಲ್ಲಿ ಮನೆ.

ಬಸ್‌ಸ್ಟಾಂಡ್ (ಮೈಸೂರು)

ಆ ಸ್ಕೀಮಿನಿಂದ ಬಸ್‌ನಲ್ಲಿ ನಿಲ್ಲುವುದಕ್ಕೂ ಜಾಗ ಇಲ್ಲ ಈಗ.

ಶಕ್ತಿಟಿಕೆಟ್ (ಮಂಡ್ಯ)

ರಶ್ ಇದ್ದರೆ ಬಸ್ ಜಾಸ್ತಿ ಬಿಡಲಿ ಅಂತ ಕೇಳಿ. ನಮ್ಮಮ್ಮನಂಥವರು ಮನೆಯಲ್ಲೇ ಉಳಿಯಲಿ ಅಂತ ಕೇಳಬೇಡಿ.

ಸಂಜೆಕಾಫಿ (ಮಂಡ್ಯ)

ದಯವಿಟ್ಟು ಬಸ್ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ಬರೆಯುತ್ತಿದ್ದಾರೆ.

ಮಲ್ಲಿಗೆಮೊಗ್ಗು (ಅಗ್ರಹಾರ, ಮೈಸೂರು)

ನನ್ನದು ಹೂವು. ಬೇಸಿಗೆ ಬಂದರೆ ದೇವರಾಜ ಮಾರ್ಕೆಟ್ಟಿನಿಂದ ಬಿಡಿ ಮೊಗ್ಗು ತರುತ್ತೇನೆ. ಕಟ್ಟಿದ ಹೂವು ತರುವುದು ಸುಲಭ, ಆದರೂ ಬಿಡಿ ಹೂವೇ ಬೇಕು ನನಗೆ. ಬಾಳೆ ನಾರು ನೆನೆ ಹಾಕಿ, ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಇಟ್ಟು ಸುತ್ತಿ ಎಳೆಯುವುದನ್ನು ಅಮ್ಮ ನನ್ನ ಕಾಲ ಹೆಬ್ಬೆರಳಿಗೆ ನಾರಿನ ತುದಿ ಕಟ್ಟಿ ಕಲಿಸಿದ್ದರು. ಬಿಗಿ ಜಾಸ್ತಿ ಆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಆದರೆ ಜಾರುತ್ತದೆ. ಈಗ ಮಗಳ ಕಾಲ ಹೆಬ್ಬೆರಳಿಗೆ ನಾರು ಕಟ್ಟಿದ್ದೇನೆ. ಅವಳು ಕಟ್ಟಿದ ಒಂದು ಮೊಳದಲ್ಲಿ ಅರ್ಧ ಉದುರುತ್ತದೆ. ಉಳಿದಿದ್ದನ್ನು ಮುಡಿದುಕೊಂಡೇ ಆಫೀಸಿಗೆ ಹೋಗುತ್ತೇನೆ. ಸಂಜೆ ನಾಲ್ಕಕ್ಕೆ, ಫೈಲು ನೋಡುವಾಗ, ಮೊಗ್ಗು ಅರಳಿ ಘಮ ಬರುತ್ತದಲ್ಲ, ಆಗ ಅಮ್ಮ, ಮಗಳು ಇಬ್ಬರೂ ಜೊತೆಗಿದ್ದ ಹಾಗಿರುತ್ತದೆ.

ಕೆರೆದಂಡೆ (ಸರಸ್ವತಿಪುರಂ, ಮೈಸೂರು)

ಮೈಸೂರು ಮಲ್ಲಿಗೆಗೇ ಆ ಘಮ. ಬೇರೆ ಕಡೆಯಿಂದ ಬರುವ ಹೂವಿಗೆ ಅಷ್ಟಿಲ್ಲ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೆಳೆಯುವವರು ಮಾತ್ರ ಕಮ್ಮಿ ಆಗುತ್ತಿದ್ದಾರೆ.

ಹೆಪ್ಪಿನಮನೆ (ಮದ್ದೂರು)

ಎರಡುಮಕ್ಕಳಮ್ಮ ಅಕ್ಕ, ಮಕ್ಕಳಿಗೆ ರಜ ಬಂದಾಗ ನಮ್ಮ ಕಡೆ ಬನ್ನಿ. ಕೆರೆದಂಡೆ ಹೇಳಿದ ಹೆಜ್ಜಾರ್ಲೆಗಳು ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗೇ ಗೂಡು ಕಟ್ಟುತ್ತವೆ. ಮನೆ ಹಿತ್ತಲ ಹುಣಸೆ ಮರದ ಮೇಲೆ! ಊರಿನವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಗೂಡು ಇರುವಾಗ ಆ ಮರದ ಹುಣಸೆಹಣ್ಣನ್ನೂ ಬಡಿಯದೆ ಬಿಡುತ್ತಿದ್ದ ಮನೆಗಳಿವೆ. ಮರಿ ಕೆಳಗೆ ಬಿದ್ದರೆ ಎತ್ತಿ ಸಾಕಿ ಬಿಡುತ್ತಾರೆ.

ಎರಡುಮಕ್ಕಳಮ್ಮ (ಕುವೆಂಪುನಗರ, ಮೈಸೂರು)

ನಿಜವಾಗಲೂ? ನಮ್ಮಮ್ಮನ ತವರೂ ಮದ್ದೂರಿನ ಹತ್ತಿರವೇ. ಈ ಹಕ್ಕಿಗಳ ಬಗ್ಗೆ ಅವರು ಹೇಳಿದ್ದು ನೆನಪಿಲ್ಲ, ಅಣ್ಣನನ್ನು ಕೇಳಬೇಕು. ಅಂದ ಹಾಗೆ, ಅಣ್ಣನ ಹತ್ತಿರ ಮಾತಾಡಿದೆ. ಅಮ್ಮನ ವಾಟ್ಸಾಪ್ ವಾಯ್ಸ್ ಮೆಸೇಜುಗಳನ್ನೆಲ್ಲ ಅವನು ಎತ್ತಿಟ್ಟಿದ್ದಾನಂತೆ, ನನಗೆ ಹೇಳುವುದಕ್ಕೆ ಧೈರ್ಯ ಬಂದಿರಲಿಲ್ಲವಂತೆ. ಒಂದು ಕಳಿಸಿದ. "ಏನೋ ಮರಿ, ಊಟ ಆಯ್ತಾ, ಏನ್ ಸಾರು?" ಅಷ್ಟೇ ಇದೆ. ಮಗಳಿಗೆ ಕೇಳಿಸಿದೆ. ನಾನು ಅತ್ತೆ, ಅವಳು ಅಳಲಿಲ್ಲ. ಇನ್ನೊಂದು ಸಲ ಹಾಕು ಅಂದಳು. ಆಮೇಲೆ ತಮ್ಮನ ಹತ್ತಿರ ಹೋಗಿ ಅದೇ ರಾಗದಲ್ಲಿ "ಏನ್ ಸಾರು?" ಅಂತ ಕೇಳುತ್ತಿದ್ದಳು.

ಕೊಕ್ಕರೆ ಬೆಳ್ಳೂರಿಗೆ ಯಾವ ತಿಂಗಳು ಬಂದರೆ ಒಳ್ಳೆಯದು?

ರಾತ್ರಿಪಾಳಿ (ಮೈಸೂರು)

ಆ ಮೆಸೇಜುಗಳನ್ನು ಇನ್ನೊಂದು ಕಡೆಯೂ ಕಾಪಿ ಮಾಡಿ ಇಡಿ. ಫೋನ್ ಹಾಳಾದರೆ ಹೋಗಿಬಿಡುತ್ತವೆ.

ಹೆಪ್ಪಿನಮನೆ (ಮದ್ದೂರು)

ಫೆಬ್ರವರಿ, ಮಾರ್ಚ್ ಹೊತ್ತಿಗೆ ಬನ್ನಿ ಅಕ್ಕ, ಗೂಡಿನಲ್ಲಿ ಮರಿ ಇರುತ್ತವೆ. ಬೆಳಗ್ಗೆ ಬೇಗ ಬಂದರೆ ಒಳ್ಳೆಯದು, ಆಮೇಲೆ ಬಿಸಿಲು ಜಾಸ್ತಿ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು. ಎಕ್ಸ್‌ಪ್ರೆಸ್‌ವೇ ಹಿಡಿದರೆ ದಾಟಿ ಹೋಗಿಬಿಡುತ್ತೀರಿ, ಸರ್ವಿಸ್ ರಸ್ತೆಗೆ ಮೊದಲೇ ಇಳಿದುಕೊಳ್ಳಿ. ತಿರುವಿನಿಂದ ಊರಿಗೆ ಸುಮಾರು 12 ಕಿಲೋಮೀಟರ್. ಮರದ ಕೆಳಗೆ ನಿಂತಾಗ ಮಕ್ಕಳಿಗೆ ಟೋಪಿ ಹಾಕಿ, ಮೇಲಿಂದ ಏನಾದರೂ ಬೀಳುತ್ತಲೇ ಇರುತ್ತದೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಬರುವ ಹಿಂದಿನ ದಿನ ಹೇಳಿ, ಹಾಲು ಜಾಸ್ತಿ ತಗೊಂಡು ಹೆಪ್ಪು ಹಾಕಿಡುತ್ತೇನೆ.